ಹನ್ನೊಂದು ಮೀಟರ್ ಆಚೆ ಮಂಜಾಗುವ ಅಡಾಪ್ಟರ್: ಒಂದು ದೂರು

ಹಾಸನ
18 ನವೆಂಬರ್ 2024

ಇವರಿಗೆ,
ಕುಂದುಕೊರತೆ ಪರಿಹಾರ ಅಧಿಕಾರಿಗಳು,
ಆನ್‌ಲೈನ್ ಮಾರಾಟ ಸಂಸ್ಥೆ

ವಿಷಯ: ಎಂ42 ಎಂಬ ಹಳೆಯ ತಿರುಪು ಮಾದರಿಯ ಲೆನ್ಸ್ ಅನ್ನು ಸೋನಿ ಇ ಮೌಂಟ್ (ಲೆನ್ಸ್ ಕೂರುವ ಬಾಯಿ) ಕ್ಯಾಮೆರಾಗೆ ಜೋಡಿಸುವ ಅಡಾಪ್ಟರ್‌ನ ಅಳತೆ ತಪ್ಪಿರುವುದು ಮತ್ತು ಹಣ ಮರಳಿಸಲು ನಿರಾಕರಿಸಿರುವುದು.

ಮಾನ್ಯರೇ,

ನಿಮ್ಮ ತಾಣದಿಂದ 1,850 ರೂಪಾಯಿ ಕೊಟ್ಟು ತರಿಸಿಕೊಂಡ ಅಡಾಪ್ಟರ್ ಸೆಪ್ಟೆಂಬರ್ 28ರಂದು ನನ್ನ ಕೈ ಸೇರಿತು. ಅದು ಸರಿಯಿಲ್ಲ. ಇದನ್ನು ಹೇಳಲು ಈವರೆಗೆ ನಿಮ್ಮ ಗ್ರಾಹಕ ಸೇವೆಯ ನಾಲ್ವರ ಜೊತೆ ಮಾತನಾಡಿದ್ದೇನೆ. ನಾಲ್ವರೂ ಬಹಳ ವಿನಯವಂತರು. ಆದರೆ ನಾನು ಕೊಂಡ ವಸ್ತು ಏನೆಂಬುದು ಒಬ್ಬರಿಗೂ ಗೊತ್ತಿರಲಿಲ್ಲ. ಹಾಗಾಗಿ ಮೊದಲಿನಿಂದ ಬರೆಯುತ್ತಿದ್ದೇನೆ, ದಯವಿಟ್ಟು ಕೊನೆಯವರೆಗೆ ಓದಿ.

ಹಾಸನದಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ ಇದೆ. ತಂದೆಯವರು ಬಳಸುತ್ತಿದ್ದ ರಷ್ಯದ ಜೆನಿತ್ ಕ್ಯಾಮೆರಾ ಮತ್ತು ಅದರ ಎಂ42 ಮಾದರಿಯ ಹೀಲಿಯೊಸ್ 44-2 ಲೆನ್ಸ್ ಇಂದಿಗೂ ನನ್ನ ಬಳಿ ಇವೆ. ಫೋಕಲ್ ಲೆಂಗ್ತ್ 58 ಮಿ.ಮೀ., ಎಫ್/2ರವರೆಗೆ ತೆರೆಯುತ್ತದೆ. ಅಪರ್ಚರ್ (ಬೆಳಕು ಒಳಬಿಡುವ ಕಿಂಡಿ) ಪೂರ್ತಿ ತೆರೆದು ಮರಗಿಡಗಳ ಮುಂದೆ ಒಬ್ಬರನ್ನು ನಿಲ್ಲಿಸಿ ತೆಗೆದರೆ, ಹಿಂದಿನ ಎಲೆಗಳೆಲ್ಲ ಮುಖದ ಸುತ್ತ ನೀರಿನ ಸುಳಿಯಂತೆ ತಿರುಗಿದಂತೆ ಕಾಣುತ್ತವೆ. ಲೆನ್ಸ್ ತಯಾರಕರು ದೋಷವೆಂದು ತಿದ್ದಿ ತೆಗೆದ ಗುಣ ಅದು. ಈಗಿನ ಮದುವೆ ಜೋಡಿಗಳು ಅದನ್ನೇ ಕೇಳಿ ತೆಗೆಸಿಕೊಳ್ಳುತ್ತಾರೆ. ನಮ್ಮ ಕಡೆಯ ಮಳೆಗಾಲದಲ್ಲಿ ಗಾಜಿಗೆ ಫಂಗಸ್ ಹತ್ತುವುದು ಮಾಮೂಲು. ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬದಲ್ಲಿಟ್ಟು ಈ ಲೆನ್ಸನ್ನು ಮಗುವಿನಂತೆ ನೋಡಿಕೊಂಡಿದ್ದೇನೆ.

ಇನ್ನು ನಿಮ್ಮ ಅಡಾಪ್ಟರ್. ಅದರಲ್ಲಿ ಗಾಜಿಲ್ಲ, ಚಿಪ್ ಇಲ್ಲ, ತಂತಿ ಇಲ್ಲ. ಒಂದು ಬದಿಗೆ ಲೆನ್ಸ್ ತಿರುಗಿಸಿ ಕೂರಿಸುವ 42 ಮಿ.ಮೀ. ಥ್ರೆಡ್, ಇನ್ನೊಂದು ಬದಿಗೆ ಕ್ಯಾಮೆರಾಗೆ ಕಚ್ಚುವ ಬಾಯಿ, ನಡುವೆ ಟೊಳ್ಳು. ಎಂ42 ಲೆನ್ಸ್ ಕೂರುವ ಜಾಗದಿಂದ ಫಿಲ್ಮಿಗೆ 45.46 ಮಿ.ಮೀ. ದೂರವಿರಬೇಕು. ಒಳಗೆ ಕನ್ನಡಿ ಇಲ್ಲದ ಸೋನಿ ಕ್ಯಾಮೆರಾದಲ್ಲಿ ಮೌಂಟ್‌ನಿಂದ ಸೆನ್ಸರ್‌ಗೆ ಇರುವುದು 18 ಮಿ.ಮೀ. ಮಿಕ್ಕ 27.46 ಮಿ.ಮೀ. ಜಾಗವನ್ನು ತುಂಬುವುದಷ್ಟೇ ಅಡಾಪ್ಟರ್‌ನ ಕಸುಬು. ಉದ್ದವೊಂದನ್ನು ಸರಿಯಾಗಿ ಇಟ್ಟುಕೊಳ್ಳುವುದು ಬಿಟ್ಟು ಅದಕ್ಕೆ ಬೇರೆ ಕೆಲಸವೇ ಇಲ್ಲ, ಅದನ್ನೇ ಅದು ಮಾಡಿಲ್ಲ.

ಬಂದ ದಿನ ಸ್ಟುಡಿಯೊದೊಳಗೇ ಹಾಕಿ ನೋಡಿದ್ದೆ, ಚೆನ್ನಾಗಿಯೇ ಇತ್ತು. ಅಕ್ಟೋಬರ್ 6ರ ಭಾನುವಾರ ಬೆಳಗಿನ ಜಾವ ಒಂದು ಜೋಡಿಯ ಜೊತೆ ಶೆಟ್ಟಿಹಳ್ಳಿಗೆ ಹೋದೆ. ಗೊರೂರು ಅಣೆಕಟ್ಟೆಯ ಹಿನ್ನೀರಿನಲ್ಲಿ ಮಳೆಗಾಲ ಕಳೆದ ಮೇಲೂ ಅರ್ಧ ಮುಳುಗಿ ನಿಲ್ಲುವ ಹಳೆಯ ಚರ್ಚ್ ನಿಮಗೂ ಗೊತ್ತಿರಬಹುದು, ನಿಮ್ಮ ತಾಣದ ಜಾಹೀರಾತಿನಲ್ಲೇ ಒಮ್ಮೆ ನೋಡಿದ ನೆನಪು. ದಡದಲ್ಲಿ ಮೂರು ಮೀಟರ್ ದೂರ ನಿಂತ ಹುಡುಗಿಯ ಕಣ್ಣಿನ ರೆಪ್ಪೆ ಎಣಿಸಬಹುದಾದಷ್ಟು ಸ್ಪಷ್ಟವಾಗಿತ್ತು. ಆಮೇಲೆ ಚರ್ಚಿನತ್ತ ತಿರುಗಿದೆ. ಫೋಕಸ್ ಆದ ಅಂಚುಗಳ ಮೇಲೆ ಪರದೆಯಲ್ಲಿ ಕೆಂಪು ಗೆರೆ ಮೂಡುವಂತೆ ಇಟ್ಟುಕೊಂಡಿದ್ದೆ. ಉಂಗುರ ತಿರುಗಿಸಿದಂತೆ ಆ ಕೆಂಪು ದಡದ ಜೊಂಡಿನ ಮೇಲೆ ಇರುವೆ ಸಾಲಿನ ಹಾಗೆ ಹರಿಯಿತು, ನೀರಂಚಿನ ಕಲ್ಲನ್ನು ಮುಟ್ಟಿತು. ಅಷ್ಟರಲ್ಲಿ ಉಂಗುರ ಅನಂತದ ಗುರುತಿಗೆ, ಅಂದರೆ ಎಷ್ಟೇ ದೂರದ್ದಾದರೂ ಸ್ಪಷ್ಟ ಕಾಣಬೇಕಾದ ಕೊನೆಗೆ, ಬಂದು ಟಕ್ಕೆಂದು ನಿಂತಿತು. ಗೋಪುರದ ಮೇಲೆ ಒಂದು ಚುಕ್ಕೆ ಕೆಂಪೂ ಬೀಳಲಿಲ್ಲ. ಮಂಜು ಬಿದ್ದಿದೆಯೇನೋ ಎಂದು ಲೆನ್ಸ್ ಒರೆಸಿದೆ. ಹುಡುಗ ತನ್ನ ಮೊಬೈಲಿನಲ್ಲಿ ಅದೇ ಚರ್ಚನ್ನು ಸ್ಪಷ್ಟವಾಗಿ ತೆಗೆದು ನನಗೆ ತೋರಿಸಿದ. ಮೂವತ್ತು ವರ್ಷದ ಕಸುಬಿನಲ್ಲಿ ಅಂಥ ಮುಜುಗರ ಕಡಿಮೆ.

ಮಾರನೆಯ ದಿನವೇ, ಅಂದರೆ ನಿಮ್ಮ ಹತ್ತು ದಿನದ ವಾಪಸಾತಿ ಅವಧಿ ಮುಗಿಯುವ ಮೊದಲೇ, ದೂರು ದಾಖಲಿಸಿದೆ. ಮೊದಲ ಉತ್ತರ: ಅಡಾಪ್ಟರ್‌ನ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ. ಟೊಳ್ಳು ಕೊಳವೆಗೆ ಸಾಫ್ಟ್‌ವೇರ್ ಎಲ್ಲಿ ತುಂಬಬೇಕೆಂದು ಕೇಳಿದ್ದಕ್ಕೆ ಉತ್ತರವಿಲ್ಲ. ಎರಡನೆಯದು: ಫೋಟೊ ಕಳುಹಿಸಿ. ಕಳುಹಿಸಿದೆ. ಚಿತ್ರದಲ್ಲಿ ಜೋಡಿ ಸ್ಪಷ್ಟವಾಗಿ ಕಾಣುತ್ತಿರುವುದರಿಂದ ಉತ್ಪನ್ನ ಕೆಲಸ ಮಾಡುತ್ತಿದೆ ಎಂದು ತೀರ್ಮಾನಿಸಿದ್ದೇವೆ ಎಂದು ಬರೆದಿರಿ. ಅಷ್ಟರಲ್ಲಿ ಹತ್ತು ದಿನ ಕಳೆದಿತ್ತು, ಅವಧಿ ಮುಗಿದಿದೆ ಎಂಬ ಸಂದೇಶವೂ ಬಂತು. ಕೊನೆಗೆ ಹೇಳಿದ್ದು ಲೆನ್ಸ್ ಹಳೆಯದು, ದೋಷ ಅದರದ್ದೇ ಎಂದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಈ ಕೊನೆಯ ಮಾತಿಗಾಗಿಯೇ ನಾನು ಅಳತೆಗೆ ಇಳಿದದ್ದು. ಅದೇ ಲೆನ್ಸನ್ನು ಜೆನಿತ್‌ಗೆ ಹಾಕಿ ಅನಂತದ ಗುರುತಿಗೆ ತಂದರೆ ದೂರದ ಟವರ್‌ನ ಸರಳುಗಳು ಕಾಣುತ್ತವೆ. ಸ್ನೇಹಿತರೊಬ್ಬರ ಬೇರೆ ಅಡಾಪ್ಟರ್ ಎರವಲು ತಂದು ನನ್ನ ಸೋನಿಗೇ ಹಾಕಿದೆ, ಅಲ್ಲಿಯೂ ಸರಿ. ಸೀಗೆ ಹುಣ್ಣಿಮೆಯ ರಾತ್ರಿ ಎರಡರಲ್ಲೂ ಚಂದ್ರನನ್ನು ತೆಗೆದೆ: ಅವರದ್ದರಲ್ಲಿ ಅಂಚು ಕತ್ತರಿಸಿದಂತಿತ್ತು, ನಿಮ್ಮದರಲ್ಲಿ ಚಂದ್ರ ತುಪ್ಪದಲ್ಲಿ ನೆನೆದ ಒಬ್ಬಟ್ಟು. ಆಮೇಲೆ ಕೈಗಾರಿಕಾ ಪ್ರದೇಶದ ಲೇತ್ ಅಂಗಡಿಗೆ ಹೋಗಿ ಎರಡನ್ನೂ ವರ್ನಿಯರ್ ಹಿಡಿದು ಅಳೆಸಿದೆ. ನಿಮ್ಮದು ಮೂರು ಕಡೆ 27.76, 27.76, 27.78. ಸ್ನೇಹಿತರದ್ದು 27.44. ಅನಂತ ಖಂಡಿತ ಸಿಗಲಿ ಎಂದು ಒಂದೆರಡು ಎಳೆ ಕಡಿಮೆ ಇಡುವುದು ಈ ಕೆಲಸ ಬಲ್ಲವರ ರೂಢಿ. ನೀವು 0.3 ಮಿ.ಮೀ. ಹೆಚ್ಚಿಗೆ ಇಟ್ಟಿದ್ದೀರಿ.

0.3 ಅಷ್ಟೇ ತಾನೆ ಎನ್ನಬೇಡಿ. ಲೆನ್ಸ್ ಸೆನ್ಸರ್‌ನಿಂದ ಹೆಚ್ಚು ದೂರ ಕೂತರೆ ದೂರದ್ದಕ್ಕೆ ಫೋಕಸ್ ಸಿಗುವುದಿಲ್ಲ. ಎಲ್ಲಿಯವರೆಗೆ ಸಿಗುತ್ತದೆಂದು ತಿಳಿಯಲು ಫೋಕಲ್ ಲೆಂಗ್ತ್ 58ನ್ನು 58ರಿಂದಲೇ ಗುಣಿಸಿ 0.3ರಿಂದ ಭಾಗಿಸಿ: 11,213 ಮಿ.ಮೀ. ಅಂದರೆ ನಿಮ್ಮ ಅಡಾಪ್ಟರ್ ಹಾಕಿದ ಲೆನ್ಸ್‌ಗೆ ಜಗತ್ತು ಸುಮಾರು 11 ಮೀಟರಿಗೆ ಮುಗಿಯುತ್ತದೆ. ನಂಬಿಕೆ ಬರದೆ ಮನೆ ಮುಂದೆ ಟೇಪ್ ಹಿಡಿದೂ ನೋಡಿದೆ. ಎದುರು ಮನೆಯ ಗೇಟಿನ ಬೀಗದವರೆಗೆ ಸ್ಪಷ್ಟ, ಅವರ ತುಳಸಿಕಟ್ಟೆ ಮಂಕು. ಸ್ಟುಡಿಯೊದೊಳಗೆ ನನಗೆ ಗೊತ್ತಾಗದೆ ಹೋದದ್ದೂ ಇದಕ್ಕೇ. ನನ್ನ ಸ್ಟುಡಿಯೊ ಅಷ್ಟು ಉದ್ದವಿಲ್ಲ.

ನಿಮ್ಮವರೊಬ್ಬರು ಅಪರ್ಚರ್ ಅನ್ನು ಎಫ್/16ಕ್ಕೆ ಕಿರಿದು ಮಾಡಿ ನೋಡಿ ಎಂದರು. ನಿಜ, ಹಾಗೆ ಮಾಡಿದರೆ ಚರ್ಚ್ ಹೆಚ್ಚು ಕಡಿಮೆ ಸ್ಪಷ್ಟವಾಗುತ್ತದೆ. ನಾಲ್ವರಲ್ಲಿ ಕ್ಯಾಮೆರಾ ಮುಟ್ಟಿದವರು ಅವರೊಬ್ಬರೇ ಇರಬೇಕು. ಆದರೆ ಎಫ್/16ರಲ್ಲಿ ಬೆಳಕು ಎಫ್/2ರ ಅರವತ್ತನಾಲ್ಕನೇ ಒಂದು ಪಾಲು, ಸುಳಿಯೂ ಇಲ್ಲ. ಆ ಚಿತ್ರಕ್ಕೆ ಕ್ಯಾಮೆರಾ ಜೊತೆಗೇ ಬಂದ ನನ್ನ ಕಿಟ್ ಲೆನ್ಸೇ ಸಾಕಿತ್ತು, ನಿಮ್ಮ ಅಡಾಪ್ಟರ್ ಬೇಕಿರಲಿಲ್ಲ. ಉತ್ಪನ್ನದ ಪುಟದಲ್ಲಿ 'ಅನಂತದವರೆಗೆ ಫೋಕಸ್' ಎಂದೇ ಬರೆದಿದ್ದೀರಿ, ಎಫ್/16ರಲ್ಲಿ ಮಾತ್ರ ಎಂದು ಬರೆದಿಲ್ಲ.

ನನ್ನ 1,850 ರೂಪಾಯಿ ಪೂರ್ತಿ ಮರಳಿಸಬೇಕು, ಕೊಂಡೊಯ್ಯುವ ಖರ್ಚು ನಿಮ್ಮದು. ಬದಲಿ ವಸ್ತು ಬೇಡ, ಅದೇ ಅಚ್ಚಿನಲ್ಲಿ ಬಂದ ಇನ್ನೊಂದರ ಮೇಲೆ ನನಗೆ ಭರವಸೆಯಿಲ್ಲ. ನಾನು ಮರಳಿಸುವ ಇದನ್ನು ಮತ್ತೆ ಪೆಟ್ಟಿಗೆಗೆ ಹಾಕಿ ಸಕಲೇಶಪುರದ ಇನ್ನಾವುದೋ ಹುಡುಗನಿಗೆ ಮಾರಬಾರದು. ಅದಕ್ಕೆಂದೇ ಅದರ ಹೊರಮೈ ಮೇಲೆ 27.76 ಎಂದು ಬಿಳಿ ಬಣ್ಣದಲ್ಲಿ ಬರೆದಿದ್ದೇನೆ. ಆ ಭಾನುವಾರದ ಚಿತ್ರಗಳನ್ನು ಇನ್ನೊಮ್ಮೆ ಹೋಗಿ ತೆಗೆದುಕೊಟ್ಟ ಖರ್ಚನ್ನು ಕೇಳುತ್ತಿಲ್ಲ.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ಬಂದ 48 ಗಂಟೆಗಳಲ್ಲಿ ಸ್ವೀಕೃತಿ, ಒಂದು ತಿಂಗಳಲ್ಲಿ ಪರಿಹಾರ ಕೊಡುವುದು ನಿಮ್ಮ ಕರ್ತವ್ಯ. ನನ್ನ ಮೊದಲ ದೂರಿಗೆ ಇಂದಿಗೆ ನಲವತ್ತೆರಡು ದಿನ. ಡಿಸೆಂಬರ್ 2ರೊಳಗೆ ಹಣ ಬಾರದಿದ್ದರೆ ಹಾಸನದ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಅರ್ಜಿ ಹಾಕುತ್ತೇನೆ. 2019ರ ಕಾಯ್ದೆಯಂತೆ ನನ್ನ ಊರಿನಲ್ಲೇ ಹಾಕಬಹುದು, ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ.

ಆರ್ಡರ್ ರಸೀದಿ, ವರ್ನಿಯರ್ ಹಿಡಿದ ಫೋಟೊಗಳು, ಎರಡೂ ಚಂದ್ರರ ಚಿತ್ರಗಳನ್ನು ಲಗತ್ತಿಸಿದ್ದೇನೆ. ಅಡಾಪ್ಟರ್ ಕೊಂಡೊಯ್ಯಲು ಬರುವವರಿಗೆ ಭಾನುವಾರ ಬರಬೇಡಿ ಎಂದು ತಿಳಿಸಿ, ಮದುವೆಗಳಿವೆ.

ಇಂತಿ ನಿಮ್ಮ ಗ್ರಾಹಕ,
ಸ್ಟುಡಿಯೊ ಮಾಲೀಕ, ಹಾಸನ