ಮಹಮೂದ್ ಅಬ್ದುಲ್ ರೌಫ್ ಬಗ್ಗೆ ಬರೆಯುತ್ತಿರುವ ಯುವ ಲೇಖಕರಿಗೆ

ಪ್ರಿಯ ಮಿತ್ರರೇ,

ನಮಸ್ಕಾರ. ನೀವು ಕಳುಹಿಸಿದ ಕರಡನ್ನು ನಿಧಾನವಾಗಿ ಓದಿದೆ. ಬರವಣಿಗೆಯಲ್ಲಿ ಶ್ರದ್ಧೆ ಇದೆ, ವಿಷಯದ ಬಗ್ಗೆ ನಿಮಗಿರುವ ಕಳಕಳಿ ಪ್ರತಿ ಪುಟದಲ್ಲೂ ಕಾಣುತ್ತದೆ. ಆದರೆ ಲೇಖನ 1996ರ ಮಾರ್ಚ್ ತಿಂಗಳಲ್ಲಿ ಆರಂಭವಾಗಿ ಹೆಚ್ಚುಕಡಿಮೆ ಅಲ್ಲಿಯೇ ಮುಗಿದುಹೋಗುತ್ತದೆ. ಬ್ಯಾಸ್ಕೆಟ್‌ಬಾಲ್ ಆಟಗಾರ ಅಬ್ದುಲ್ ರೌಫ್ ಅವರ ಹೆಸರನ್ನೇ ಕೇಳಿರದ ಓದುಗರಿಗೆ, ಅಮೆರಿಕದ ರಾಷ್ಟ್ರಗೀತೆಗೆ ಎದ್ದು ನಿಲ್ಲದ ಒಬ್ಬ ವ್ಯಕ್ತಿಯ ಪರಿಚಯವಾಗುತ್ತದೆ. ಅವರು ಎಂಥ ಆಟಗಾರರಾಗಿದ್ದರು ಎಂಬುದು ಮಾತ್ರ ತಿಳಿಯುವುದೇ ಇಲ್ಲ. ಆಟದ ಎತ್ತರ ತಿಳಿಯದ ಓದುಗರು ಆ ವಿವಾದದ ಬೆಲೆಯನ್ನು ಅಳೆಯುವುದಾದರೂ ಹೇಗೆ? ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ: ಮೊದಲು ಆಟವನ್ನು ಬರೆಯಿರಿ.

ಮಿಸಿಸಿಪಿಯ ಗಲ್ಫ್‌ಪೋರ್ಟ್‌ನಲ್ಲಿ 1969ರಲ್ಲಿ ಹುಟ್ಟಿದ, ಮುಂದೆ ಅಬ್ದುಲ್ ರೌಫ್ ಆದ ಕ್ರಿಸ್ ಜಾಕ್ಸನ್ ಎಂಬ ಹುಡುಗನಿಂದ ಆರಂಭಿಸಬಹುದು. ಮೈಕೈಗಳು ತಮ್ಮಷ್ಟಕ್ಕೆ ಅದುರುವ, ಗಂಟಲಿನಿಂದ ತಡೆಯಲಾಗದ ಸದ್ದು ಹೊರಡುವ ಟುರೆಟ್ ಸಿಂಡ್ರೋಮ್ ಅವರಿಗಿದೆ ಎಂದು ಗೊತ್ತಾದದ್ದು ಹದಿಹರೆಯ ಮುಗಿಯುತ್ತಾ ಬಂದಾಗ. ಅಲ್ಲಿಯವರೆಗೆ ಕಾರಣವೇ ತಿಳಿಯದೆ ಆ ಹುಡುಗ ಒಂಟಿಯಾಗಿ ಅಭ್ಯಾಸ ಮಾಡುತ್ತಿದ್ದ. ಚೆಂಡು ರಿಂಗನ್ನು ಸೋಕದೆ ನೆಟ್ಟಿನೊಳಗೆ ಇಳಿಯಬೇಕು, ಇಳಿಯುವಾಗಿನ ಸದ್ದೂ ಸರಿಯಾಗಿರಬೇಕು, ಕೈಗೆ ಆದ ಅನುಭವವೂ ಸರಿಯಾಗಿರಬೇಕು. ಒಂದು ತಪ್ಪಿದರೂ ಎಣಿಕೆ ಮತ್ತೆ ಮೊದಲಿನಿಂದ. ಈ ಭಾಗವನ್ನು ನೀವು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ನನ್ನ ಮಟ್ಟಿಗೆ ಇದಕ್ಕೆ ಒಂದಿಡೀ ಪುಟ ಸಲ್ಲಬೇಕು, ಏಕೆಂದರೆ ಮುಂದೆ ಅವರು ತೋರಿದ ಹಟದ ಬೇರು ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ.

ಅಂಕಿಅಂಶಗಳನ್ನು ರಾಶಿ ಹಾಕಬೇಡಿ, ಆರಿಸಿಕೊಳ್ಳಿ. ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯದ ಮೊದಲ ವರ್ಷದಲ್ಲಿ ಅವರು ಪಂದ್ಯಕ್ಕೆ ಸರಾಸರಿ 30.2 ಅಂಕ ಗಳಿಸಿದರು. 1990ರ ಡ್ರಾಫ್ಟ್‌ನಲ್ಲಿ, ಅಂದರೆ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆಯಲ್ಲಿ, ಡೆನ್ವರ್ ನಗೆಟ್ಸ್ ತಂಡ ಅವರನ್ನು ಮೂರನೆಯವರಾಗಿ ಆರಿಸಿತು. ಇಷ್ಟು ಸಾಕು. ಆದರೆ ಫ್ರೀ ಥ್ರೋ ವಿಷಯದಲ್ಲಿ ಆತುರಪಡಬೇಡಿ. ಎದುರಾಳಿಯ ತಪ್ಪಿಗೆ ದಂಡವಾಗಿ ಸಿಗುವ ಈ ಎಸೆತವನ್ನು ಆಟಗಾರ ಸುಮಾರು ನಾಲ್ಕೂವರೆ ಮೀಟರ್ ದೂರದಿಂದ, ಯಾರ ಅಡ್ಡಿಯೂ ಇಲ್ಲದೆ, ಸಾವಿರಾರು ಜನರ ಕಣ್ಣೆದುರು ಎಸೆಯಬೇಕು. 1993–94ರ ಋತುವಿನಲ್ಲಿ ಅವರು 229 ಯತ್ನಗಳಲ್ಲಿ 219 ಸಲ ಗುರಿ ಮುಟ್ಟಿದರು, ಅಂದರೆ ಶೇಕಡ 95.6. ಆಗ ಹಿಂದಿನ ಆಟಗಾರ ಕ್ಯಾಲ್ವಿನ್ ಮರ್ಫಿ ಅವರ ಹೆಸರಿನಲ್ಲಿದ್ದ ಒಂದು ಋತುವಿನ ದಾಖಲೆ ಶೇಕಡ 95.8; ತಪ್ಪಿದ ಹತ್ತರಲ್ಲಿ ಇನ್ನೊಂದು ಬಿದ್ದಿದ್ದರೆ ಆ ದಾಖಲೆ ಮುರಿಯುತ್ತಿತ್ತು. ತನ್ನ ದೇಹದ ಚಲನೆಯೇ ಪೂರ್ತಿ ತನ್ನ ಹಿಡಿತದಲ್ಲಿಲ್ಲದ ಮನುಷ್ಯನ ಸಾಧನೆ ಇದು ಎಂಬುದನ್ನು ಓದುಗರಿಗೆ ನೆನಪಿಸಿ.

ಇಷ್ಟನ್ನು ಕಟ್ಟಿದ ಮೇಲೆ 1996ಕ್ಕೆ ಬನ್ನಿ. 1991ರಲ್ಲಿ ಅವರು ಇಸ್ಲಾಂ ಸ್ವೀಕರಿಸಿದರು, 1993ರಲ್ಲಿ ಹೆಸರು ಬದಲಾಯಿಸಿಕೊಂಡರು. 1995–96ರ ಋತುವಿನಲ್ಲಿ ರಾಷ್ಟ್ರಗೀತೆಯ ಹೊತ್ತಿಗೆ ಅವರು ಆಟಗಾರರ ಕೋಣೆಯೊಳಗೆ ಉಳಿಯುತ್ತಿದ್ದರು, ಇಲ್ಲವೇ ಎದ್ದು ನಿಲ್ಲದೆ ಇರುತ್ತಿದ್ದರು. ತಿಂಗಳುಗಟ್ಟಲೆ ಅದು ಸುದ್ದಿಯಾಗಲಿಲ್ಲ. ನಿಮ್ಮ ಕರಡಿನಲ್ಲಿ ಅವರು ಒಂದು ದಿನ ದಿಢೀರನೆ ಪ್ರತಿಭಟಿಸಿದಂತೆ ಚಿತ್ರಿತವಾಗಿದೆ. ದಿಢೀರನೆ ಆದದ್ದು ಸುದ್ದಿ ಮಾತ್ರ. ಅಮೆರಿಕದ ಧ್ವಜ ದಬ್ಬಾಳಿಕೆಯ ಸಂಕೇತವೂ ಹೌದು, ತನ್ನ ನಂಬಿಕೆ ಅದಕ್ಕೆ ಎದ್ದು ನಿಲ್ಲಲು ಬಿಡುವುದಿಲ್ಲ ಎಂಬುದು ಅವರ ನಿಲುವಾಗಿತ್ತು. ಆಟಗಾರರೆಲ್ಲರೂ ಗೌರವಯುತವಾಗಿ ಎದ್ದು ನಿಲ್ಲಬೇಕೆಂಬ ನಿಯಮ ಎಲ್ಲರಿಗೂ ಒಂದೇ ಎಂಬುದು ಎನ್‌ಬಿಎ ನಿಲುವಾಗಿತ್ತು. ಮಾರ್ಚ್ 12ರಂದು ಅವರನ್ನು ಅಮಾನತುಗೊಳಿಸಲಾಯಿತು. ಪಂದ್ಯವೊಂದಕ್ಕೆ 31,707 ಡಾಲರ್ ವೇತನ ಕಡಿತ. ಆಟಗಾರರ ಸಂಘ ಅವರ ಬೆಂಬಲಕ್ಕೆ ನಿಂತಿತು. ಒಂದು ಪಂದ್ಯ ತಪ್ಪಿದ ನಂತರ ರಾಜಿಯಾಯಿತು: ಅವರು ಎದ್ದು ನಿಲ್ಲುತ್ತಾರೆ, ಆದರೆ ತಲೆಬಾಗಿಸಿ ಪ್ರಾರ್ಥಿಸುತ್ತಾರೆ. ಮಾರ್ಚ್ 15ರಂದು ಷಿಕಾಗೋದಲ್ಲಿ ಕಣ್ಣುಮುಚ್ಚಿ, ಎರಡು ಅಂಗೈಗಳನ್ನು ಮುಖದ ಹತ್ತಿರ ಹಿಡಿದು ನಿಂತರು. ಪ್ರೇಕ್ಷಕರು ಅವರನ್ನು ಮೂದಲಿಸಿದರು.

ಈ ರಾಜಿಯನ್ನು ನೀವು ಬಿಟ್ಟಿದ್ದೀರಿ. ಅದು ವೀರಗಾಥೆಗೆ ಹೊಂದುವುದಿಲ್ಲವೆಂಬ ಅಳುಕು ನಿಮ್ಮನ್ನು ತಡೆದಿರಬಹುದು. ಆದರೆ ಇಡೀ ಪ್ರಸಂಗದಲ್ಲಿ ನನ್ನನ್ನು ಹೆಚ್ಚು ಕಾಡುವ ಭಾಗ ಅದೇ. ಎದ್ದು ನಿಂತ ಮೇಲೂ ಅವರನ್ನು ಜನ ಕ್ಷಮಿಸಲಿಲ್ಲ. ಅದೇ ಮಾರ್ಚ್‌ನಲ್ಲಿ ರೇಡಿಯೊ ಕೇಂದ್ರವೊಂದರ ಸಿಬ್ಬಂದಿ ಕೊಲೊರಾಡೊದ ಮಸೀದಿಯೊಂದಕ್ಕೆ ನುಗ್ಗಿ ತುತ್ತೂರಿಯಲ್ಲಿ ರಾಷ್ಟ್ರಗೀತೆ ನುಡಿಸಿದರು. ಇದನ್ನು ಬರೆಯುವಾಗಲೂ ಧ್ವನಿ ಏರಿಸಬೇಡಿ. ಹಾಗೆಯೇ, ರಾಷ್ಟ್ರಗೀತೆಯ ವಿಷಯದಲ್ಲಿ ನಿಜವಾಗಿ ನೊಂದ ಮಾಜಿ ಸೈನಿಕರಿಗೂ, ಸಾಮಾನ್ಯ ಪ್ರೇಕ್ಷಕರಿಗೂ ನಿಮ್ಮ ಲೇಖನದಲ್ಲಿ ಜಾಗವಿರಲಿ. ಅವರನ್ನೆಲ್ಲ ಮಸೀದಿಗೆ ನುಗ್ಗಿದವರ ಸಾಲಿಗೆ ಸೇರಿಸುವುದು ಅನ್ಯಾಯ.

ಮುಂದಿನ ಭಾಗದಲ್ಲಿ ನೀವು ‘ಶಿಕ್ಷೆಯಾಗಿ ಅವರನ್ನು ಮಾರಿಬಿಟ್ಟರು’ ಎಂದು ಬರೆದಿದ್ದೀರಿ. ತಂಡದ ಆಡಳಿತದ ಮನಸ್ಸಿನೊಳಗೆ ಏನಿತ್ತು ಎಂಬುದಕ್ಕೆ ನಿಮ್ಮ ಬಳಿ ಆಧಾರವಿಲ್ಲದಿದ್ದರೆ ಆ ವಾಕ್ಯವನ್ನು ಹೊಡೆದುಹಾಕಿ. ಆಧಾರವಿರುವ ಸಂಗತಿಗಳೇ ಸಾಕಷ್ಟಿವೆ. ಆ ಋತುವಿನಲ್ಲಿ ಅವರು ಪಂದ್ಯಕ್ಕೆ 19.2 ಅಂಕ ಗಳಿಸಿದ್ದರು. 72 ಪಂದ್ಯ ಗೆದ್ದ ಷಿಕಾಗೋ ಬುಲ್ಸ್ ತಂಡವನ್ನು ಡೆನ್ವರ್ ಫೆಬ್ರವರಿಯಲ್ಲಿ ಸೋಲಿಸಿದಾಗ 32 ಅಂಕ ಅವರದಾಗಿತ್ತು. ಅಂಥ 27 ವರ್ಷದ ಆಟಗಾರನನ್ನು ಜೂನ್‌ನಲ್ಲಿ ಸ್ಯಾಕ್ರಮೆಂಟೊ ಕಿಂಗ್ಸ್‌ಗೆ ಕೊಟ್ಟು ಡೆನ್ವರ್ ಪಡೆದದ್ದು 32 ವರ್ಷದ ಶಾರೂನಾಸ್ ಮಾರ್ಚ್ಯುಲೋನಿಸ್ ಅವರನ್ನು ಮತ್ತು ಎರಡನೇ ಸುತ್ತಿನ ಒಂದು ಡ್ರಾಫ್ಟ್ ಆಯ್ಕೆಯನ್ನು. ಮಾರ್ಚ್ಯುಲೋನಿಸ್ ಡೆನ್ವರ್‌ಗಾಗಿ ಆಡಿದ್ದು 17 ಪಂದ್ಯಗಳನ್ನಷ್ಟೇ. ಇವನ್ನು ಅಕ್ಕಪಕ್ಕದಲ್ಲಿಟ್ಟು ಸುಮ್ಮನಾಗಿ. ಲೆಕ್ಕ ಹಾಕುವ ಕೆಲಸ ಓದುಗರದು.

2016ರಲ್ಲಿ ಅಮೆರಿಕನ್ ಫುಟ್‌ಬಾಲ್ ಆಟಗಾರ ಕಾಲಿನ್ ಕೆಪರ್ನಿಕ್ ರಾಷ್ಟ್ರಗೀತೆಯ ಹೊತ್ತಿನಲ್ಲಿ ಮಂಡಿಯೂರಿದ ಮೇಲೆ ಪತ್ರಕರ್ತರು ಅಬ್ದುಲ್ ರೌಫ್ ಅವರನ್ನು ಮತ್ತೆ ಹುಡುಕಿಕೊಂಡು ಹೋದದ್ದು ನಿಜ. ಆ ಹೋಲಿಕೆ ಒಂದು ವಾಕ್ಯ ಮೀರದಿರಲಿ. ಅದರ ಬದಲು 1998ರ ನಂತರದ ವರ್ಷಗಳಿಗೆ ಜಾಗ ಕೊಡಿ: ಟರ್ಕಿಯ ಫೆನರ್‌ಬಾಚೆ ತಂಡ, ನಂತರ 2000–01ರಲ್ಲಿ ವ್ಯಾಂಕೂವರ್ ಗ್ರಿಝ್ಲಿಸ್ ಪರ 41 ಪಂದ್ಯಗಳು, ಅಲ್ಲಿಗೆ ಎನ್‌ಬಿಎ ಮುಗಿಯಿತು; ಆಮೇಲೆ ರಷ್ಯಾ, ಇಟಲಿ, ಗ್ರೀಸ್, ಸೌದಿ ಅರೇಬಿಯಾ, ಜಪಾನ್. 2001ರಲ್ಲಿ ಮಿಸಿಸಿಪಿಯಲ್ಲಿದ್ದ, ಯಾರೂ ವಾಸವಿರದ ಅವರ ಮನೆ ಸುಟ್ಟುಹೋಯಿತು. ಹಳೆಯ ವಿಶ್ವವಿದ್ಯಾಲಯ 2020ರಲ್ಲಿ ಅವರ 35ನೇ ಸಂಖ್ಯೆಯ ಅಂಗಿಯನ್ನು ಗೌರವಪೂರ್ವಕವಾಗಿ ನಿವೃತ್ತಿಗೊಳಿಸಿತು, ಅಂದರೆ ಆ ಸಂಖ್ಯೆಯನ್ನು ಇನ್ನು ಬೇರೆ ಆಟಗಾರರಿಗೆ ಕೊಡದಿರಲು ತೀರ್ಮಾನಿಸಿತು. ಈ ಗೌರವದಿಂದ ಎಲ್ಲವೂ ಸರಿಹೋಯಿತೆಂಬಂತೆ ನೀವು ಲೇಖನ ಮುಗಿಸಿರುವುದು ನನಗೆ ಒಪ್ಪಿಗೆಯಾಗಲಿಲ್ಲ. ವಿಶ್ವವಿದ್ಯಾಲಯ ನೆನೆದದ್ದು ವಿದ್ಯಾರ್ಥಿಯಾಗಿ ಅವರು ಆಡಿದ ಎರಡು ವರ್ಷಗಳನ್ನು. ಎನ್‌ಬಿಎಯಲ್ಲಿ ಆಡದೆ ಹೋದ ವರ್ಷಗಳಿಗೂ ಅದಕ್ಕೂ ಸಂಬಂಧವಿಲ್ಲ.

ವ್ಯಾಂಕೂವರ್‌ನ ಋತುವನ್ನು ಪಂದ್ಯದಿಂದ ಪಂದ್ಯಕ್ಕೆ ನೋಡಿ, ಅವರು ಎಷ್ಟು ನಿಮಿಷ ಅಂಗಳದಲ್ಲಿದ್ದರು ಎಂಬುದನ್ನು ಗಮನಿಸಿ ಆ ಭಾಗವನ್ನು ಹೊಸದಾಗಿ ಬರೆಯಿರಿ. ಅದು ಸಿದ್ಧವಾದೊಡನೆ ಕಳುಹಿಸಿ. ಇಡೀ ಲೇಖನಕ್ಕಾಗಿ ಕಾಯುವುದು ಬೇಡ.

ಇಂತಿ ನಿಮ್ಮ ಹಿತೈಷಿ