ಭಾನುವಾರದ ಸಿನಿಮಾ: ಒಂದು ಬದಲಾವಣೆ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಸಂಜೆ 6:30ಕ್ಕೆ ಹಂಗೇರಿಯ 1918ರ ಮೂಕಿಚಿತ್ರ ‘ಅಲ್ರೌನೆ’ ನೋಡೋಣ ಎಂದಿದ್ದೆ. ಅದು ಆಗುವುದಿಲ್ಲ, ಕ್ಷಮಿಸಿ. ಆ ಚಿತ್ರದ ಪ್ರತಿ ಎಲ್ಲೂ ಉಳಿದಿಲ್ಲ. ಜರ್ಮನ್ ಲೇಖಕ ಹಾನ್ಸ್ ಹೈನ್ಸ್ ಎವರ್ಸ್ ಅವರ 1911ರ ಕಾದಂಬರಿಯನ್ನು ಮಿಹಾಯ್ ಕೆರ್ತೇಸ್ ಮತ್ತು ಎಡ್ಮಂಡ್ ಫ್ರಿಟ್ಸ್ ತೆರೆಗೆ ತಂದಿದ್ದರು. ಮರುವರ್ಷವೇ ಹಂಗೇರಿ ಬಿಟ್ಟ ಈ ಕೆರ್ತೇಸ್ ಅವರೇ ಮುಂದೆ ಹಾಲಿವುಡ್‌ನಲ್ಲಿ ಮೈಕಲ್ ಕರ್ಟಿಜ್ ಎಂಬ ಹೆಸರಿನಲ್ಲಿ ‘ಕಾಸಾಬ್ಲಾಂಕಾ’ ಮಾಡಿದವರು. ಅಂಥವರ ಆರಂಭದ ಕೆಲಸವೊಂದು ಹೀಗೆ ಕಳೆದುಹೋಗಿರುವುದು ನನಗಂತೂ ಬಹಳ ಸಂಕಟದ ವಿಷಯ.

ಬದಲಿಗೆ ಅದೇ ಕಾದಂಬರಿಯ 1928ರ ಜರ್ಮನ್ ಚಿತ್ರ ನೋಡೋಣ. ನಿರ್ದೇಶನ ಹೆನ್ರಿಕ್ ಗಾಲೀನ್, ಮುಖ್ಯ ಪಾತ್ರದಲ್ಲಿ ‘ಮೆಟ್ರೊಪೊಲಿಸ್’ ಚಿತ್ರದ ನಟಿ ಬ್ರಿಗಿಟ್ಟೆ ಹೆಲ್ಮ್. ಸಮಯ ಅದೇ. ವಿಜ್ಞಾನಿಯೊಬ್ಬ ಕೃತಕ ಗರ್ಭಧಾರಣೆಯಿಂದ ಹೆಣ್ಣು ಮಗುವೊಂದನ್ನು ಹುಟ್ಟಿಸುವ ಕಥೆ. ಗಲ್ಲಿಗೇರಿದ ಕೊಲೆಗಾರನ ಪ್ರಸ್ತಾಪವೂ ಇದೆ. ಹಾಗಾಗಿ ದಯವಿಟ್ಟು ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳಬೇಡಿ.

ಲಿಂಕನ್ನು 6:15ಕ್ಕೆ ಇಲ್ಲೇ ಹಾಕುತ್ತೇನೆ. ಸೇರಿದ ಮೇಲೆ ಮೈಕ್ ಆಫ್ ಮಾಡಿ. ನಡುನಡುವೆ ಬರುವ ಬರಹದ ಫಲಕಗಳನ್ನು ಕನ್ನಡದಲ್ಲಿ ಓದಿ ಹೇಳಲು ಜರ್ಮನ್ ಬಲ್ಲವರೊಬ್ಬರು ಬೇಕು, ಯಾರಾದರೂ ಮುಂದೆ ಬನ್ನಿ. ‘1918ರ ಪೂರ್ಣ ಚಿತ್ರ’ ಎಂಬ ಲಿಂಕ್‌ ಸಿಕ್ಕರೆ ಪರಿಶೀಲಿಸದೆ ಇಲ್ಲಿ ಹಂಚಬೇಡಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ‘ಬರುತ್ತೇನೆ’ ಎಂದು ಬರೆಯಿರಿ.