ಬಿರುಕಿಗೆ ಪುಟ್ಟಿ ಬಳಿದರೆ ಮನೆ ಗಟ್ಟಿಯಾಗದು

ಸಂಪಾದಕರಿಗೆ,

ಮಳೆಗಾಲ ಹತ್ತಿರ ಬಂತೆಂದರೆ ಮೈಸೂರಿನ ಹಳೇ ಬಡಾವಣೆಗಳಲ್ಲಿ ಗಾರೆ ಕೆಲಸದವರು ಕೈಗೇ ಸಿಗುವುದಿಲ್ಲ. ಸೋರುವ ತಾರಸಿ, ಚಕ್ಕೆ ಉದುರುವ ಸಜ್ಜಾ, ಸೀಳಿದ ಗೋಡೆ ಎಲ್ಲಕ್ಕೂ ಸಿಮೆಂಟ್ ಗಾರೆ, ಪುಟ್ಟಿ, ಬಣ್ಣವೇ ಮದ್ದು. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು, 2022ರ ಅಕ್ಟೋಬರ್‌ನಲ್ಲಿ ಮಹಾರಾಣಿ ಕಾಲೇಜಿನ ಹಳೇ ಕಟ್ಟಡದ್ದು. ಮೂರೂ ಮಳೆಯ ತಿಂಗಳುಗಳೇ. ಪಾರಂಪರಿಕ ಕಟ್ಟಡ ಉಳಿಸಬೇಕೋ ಕೆಡವಬೇಕೋ ಎಂಬ ವಾದ ಬೇಕಾದಷ್ಟು ಆಗಿದೆ. ಜನ ದಿನವೂ ಮಲಗಿ ಏಳುವ ಮನೆಗಳ ಮಾತು ಬರುವುದೇ ಇಲ್ಲ.

ಎಲ್ಲ ಬಿರುಕಿಗೂ ಹೆದರಬೇಕಿಲ್ಲ. ಮೋಲ್ಡಿನ (ಕಾಂಕ್ರೀಟ್ ಚಾವಣಿಯ) ಕೆಳಗೆ, ಗೋಡೆಯ ತಲೆಯ ಉದ್ದಕ್ಕೂ ಅಡ್ಡಲಾಗಿ ಓಡುವ ಕೂದಲೆಳೆ ಬಿರುಕು ಸಾಮಾನ್ಯವಾಗಿ ಬಿಸಿಲಿಗೆ ಮೋಲ್ಡ್ ಹಿಗ್ಗಿ ಕುಗ್ಗುವುದರಿಂದ ಬಂದದ್ದು. ಪಿಲ್ಲರಿಗೂ ಇಟ್ಟಿಗೆ ಗೋಡೆಗೂ ನಡುವೆ ನೆಟ್ಟಗೆ ಬಿಡುವ ಸೀಳು ಅಲ್ಲಿ ಜಾಲರಿ ಹೊಡೆಯದೆ ಗಾರೆ ಮಾಡಿದ್ದರ ಫಲ. ಇಟ್ಟಿಗೆಯ ಸಂದು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಓರೆಯಾಗಿ ಏರುವ ಬಿರುಕು ಬೇರೆ ಜಾತಿಯದು, ಅದು ಪಾಯದ ದೂರು. ಮೇಲೆ ಅಗಲ, ಕೆಳಗೆ ಸಣ್ಣಗಿದ್ದರೆ ಮನೆಯ ಮೂಲೆ ಇಳಿಯುತ್ತಿರಬಹುದು. ಕೆಳಗೇ ಅಗಲವಾಗಿದ್ದರೆ ಗೋಡೆಯ ನಡುಭಾಗ. ಮಂಡ್ಯದ ಸುತ್ತ ಗದ್ದೆಗೆ ಮಣ್ಣು ತುಂಬಿಸಿ ಮಾಡಿದ ಸೈಟುಗಳಲ್ಲಿ ಇದನ್ನು ಹೆಚ್ಚು ಕಾಣುತ್ತೇವೆ. ನಾಲೆಗೆ ನೀರು ಬಿಟ್ಟಾಗ ತೇವ ಏರಿ, ನಿಂತಾಗ ಇಳಿದು, ಸರಿಯಾಗಿ ದಮ್ಮಸ್ಸು ಮಾಡದ ಮಣ್ಣು ಕೂರುತ್ತಲೇ ಇರುತ್ತದೆ.

ಬಿರುಕು ಇನ್ನೂ ಬೆಳೆಯುತ್ತಿದೆಯೇ ಎಂದು ತಿಳಿಯುವುದಕ್ಕೆ ದುಡ್ಡು ಬೇಕಿಲ್ಲ. ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ, ಅಡ್ಡಲಾಗಿ ತೆಳು ಗಾಜಿನ ಪಟ್ಟಿಯ ಎರಡು ತುದಿಯನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಕೂರಿಸಿ. ಒಂದು ಬೇಸಿಗೆ, ಒಂದು ಮಳೆಗಾಲ ಕಳೆದರೂ ಗಾಜು ಒಡೆಯದಿದ್ದರೆ ಬಿರುಕು ನಿಂತಿದೆ, ಮುಚ್ಚಬಹುದು. ಒಡೆದರೆ ಮೊದಲು ಮೋರಿ, ಪೈಪು, ಸಂಪು ಸೋರುತ್ತಿವೆಯೇ ನೋಡಬೇಕು. ಪಾಯದ ಅಡಿಗೆ ಕಾಂಕ್ರೀಟ್ ಕೊಡಲೇಬೇಕಾದರೆ ಒಂದು ಮೀಟರ್ ಮೀರದ ತುಂಡುಗಳಲ್ಲಿ, ಪಕ್ಕಪಕ್ಕದ ತುಂಡನ್ನು ಒಟ್ಟಿಗೆ ತೆರೆಯದೆ ಅಗೆಯಬೇಕು. ಇಡೀ ಗೋಡೆಯ ಬುಡವನ್ನು ಒಂದೇ ದಿನ ಬಿಚ್ಚಿದರೆ ಗೋಡೆ ಮೇಲೇಕೆ ನಿಲ್ಲಬೇಕು?

ಕಾಯಬಾರದ ಗುರುತುಗಳು ಬೇರೆ. ಬೀಮು ಪಿಲ್ಲರಿಗೆ ಸೇರುವ ಕಡೆ ಓರೆ ಸೀಳು, ಪಿಲ್ಲರಿನಲ್ಲಿ ಕಂಬಿಯ ಜಾಡಿನಲ್ಲೇ ಉದ್ದುದ್ದ ಬಿರುಕು, ಇದ್ದಕ್ಕಿದ್ದಂತೆ ಬಿಗಿಯಾದ ಬಾಗಿಲು, ಜೋತುಬಿದ್ದ ಮೋಲ್ಡ್. ಇವು ಕಂಡರೆ ತಾರಸಿಯ ಮೇಲಿನ ಟ್ಯಾಂಕಿನ ನೀರು ಬಿಡಿ (ಸಾವಿರ ಲೀಟರ್ ಎಂದರೆ ಒಂದು ಟನ್), ಜನರನ್ನು ಆಚೆ ಕಳಿಸಿ, ಜಾಕಿ (ಭಾರ ಹೊರುವ ತಾತ್ಕಾಲಿಕ ಆಸರೆ ಕಂಬ) ಕೊಡಿಸಿ. ಜಾಕಿ ಮೇಲಿನ ಅಂತಸ್ತಿಗೆ ಮಾತ್ರ ಕೊಟ್ಟು ಬಿಟ್ಟರೆ ಆ ಭಾರವೆಲ್ಲ ಕೆಳಗಿನ ಮೋಲ್ಡಿನ ಮೇಲೆ ಕೂರುತ್ತದೆ. ನೆಲದವರೆಗೆ ಒಂದರ ಕೆಳಗೊಂದು ಬರಬೇಕು, ಬುಡಕ್ಕೆ ಹಲಗೆ ಇರಬೇಕು.

ಹಳೆಯ ಆರ್‌ಸಿಸಿ ಮನೆಗಳ ದೊಡ್ಡ ರೋಗ ತುಕ್ಕು. ಹಿಂದೆ ಮೋಲ್ಡ್ ಹಾಕುವಾಗ ಕಂಬಿಯ ಅಡಿಗೆ ಕವರ್ ಬ್ಲಾಕ್ (ಕಂಬಿಯನ್ನು ಹಲಗೆಯಿಂದ ಮೇಲೆತ್ತಿ ಹಿಡಿಯುವ ಬಿಲ್ಲೆ) ಇಡುತ್ತಿದ್ದವರು ಕಡಿಮೆ. ಮೋಲ್ಡಿಗೆ ಕನಿಷ್ಠ 20 ಮಿ.ಮೀ., ಪಿಲ್ಲರಿಗೆ 40 ಮಿ.ಮೀ. ಕವರ್ (ಕಂಬಿಯನ್ನು ಮುಚ್ಚುವ ಕಾಂಕ್ರೀಟ್) ಬೇಕಿದ್ದ ಕಡೆ ಕಂಬಿ ಗಾರೆಗೇ ಅಂಟಿಕೊಂಡಿರುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ತಳ್ಳಿ ಉದುರಿಸುತ್ತದೆ. ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ, ಟೊಳ್ಳು ಸದ್ದು ಬಂದಷ್ಟು ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ. ಉದುರಿದ್ದಕ್ಕಿಂತ ಉದುರಲಿರುವುದು ಯಾವಾಗಲೂ ಹೆಚ್ಚು.

ದುರಸ್ತಿ ಕೆಡುವುದು ಇಲ್ಲೇ. ಕಂಬಿಯ ಮುಂದಿನ ಚಕ್ಕೆಯನ್ನಷ್ಟೇ ಕಿತ್ತು ಗಾರೆ ಮೆತ್ತಿದರೆ ಹಿಂದುಗಡೆ ತುಕ್ಕು ತನ್ನ ಕೆಲಸ ಮುಂದುವರಿಸುತ್ತದೆ, ಒಂದೆರಡು ಮಳೆಗೆ ತೇಪೆ ಇಡಿಯಾಗಿ ಕಳಚಿ ಬೀಳುತ್ತದೆ. ಜಾಕಿ ಕೊಟ್ಟ ಮೇಲೆ ಕಂಬಿಯ ಹಿಂದೆ ಬೆರಳು ಆಡುವಷ್ಟು, ಸುಮಾರು 20 ಮಿ.ಮೀ., ಕಾಂಕ್ರೀಟ್ ಕೆತ್ತಬೇಕು. ತಂತಿ ಬ್ರಷ್ಷಿನಿಂದ ಕಂಬಿ ಹೊಳೆಯುವವರೆಗೆ ಉಜ್ಜಿ ಅಳೆಯಬೇಕು. 12 ಮಿ.ಮೀ. ಕಂಬಿ 10ಕ್ಕೆ ಸವೆದಿದ್ದರೆ ಅದರ ಬಲ ಸುಮಾರು ಶೇ 30ರಷ್ಟು ಹೋಯಿತೆಂದೇ ಲೆಕ್ಕ. ಪಕ್ಕಕ್ಕೆ ಹೊಸ ಕಂಬಿ ಕೊಟ್ಟು, ಸವೆಯದ ಭಾಗದ ಮೇಲೆ ಎರಡೂ ಕಡೆ ಅದರ ದಪ್ಪದ ಐವತ್ತು ಪಟ್ಟು, ಅಂದರೆ 12ರ ಕಂಬಿಗೆ ಎರಡಡಿ, ಜೋಡಿಸಬೇಕು. ಆಮೇಲೆ ಕಂಬಿಗೆ ಸತುವಿನ ಲೇಪ, ಹಳೆಯದಕ್ಕೆ ಹೊಸದು ಅಂಟಲು ಬಾಂಡಿಂಗ್ ದ್ರಾವಣ, ಅದರ ಪಸೆ ಆರುವ ಮುನ್ನ ಪಾಲಿಮರ್ (ಅಂಟು ದ್ರಾವಣ ಬೆರೆಸಿದ) ಗಾರೆಯನ್ನು ತೆಳು ಪದರಗಳಲ್ಲಿ ಮೆತ್ತಬೇಕು. ಆಳ ಹೆಚ್ಚಿದ್ದರೆ ಸೆಂಟ್ರಿಂಗ್ ಕಟ್ಟಿ ಮೈಕ್ರೊ ಕಾಂಕ್ರೀಟ್ (ಸಂದಿಗೆ ಹರಿದು ತುಂಬುವ ಸಣ್ಣ ಜಲ್ಲಿಯ ಕಾಂಕ್ರೀಟ್) ಸುರಿಯುವುದೇ ಸರಿ. ಪಿಲ್ಲರಿಗೆ ಸುತ್ತಲೂ ಹೊಸ ಕಾಂಕ್ರೀಟಿನ ಕವಚ ಹಾಕುವುದಾದರೆ ಪ್ರತಿ ಮಗ್ಗುಲಿಗೂ ಕನಿಷ್ಠ 100 ಮಿ.ಮೀ. ಬೇಕು, ಅದೂ ಪಾಯದಿಂದ ಎದ್ದು ಬರಬೇಕು. ಟೈಲ್ಸ್ ಮೇಲಿಂದ ಶುರುವಾದ ಕವಚ ಪಿಲ್ಲರಿಗೆ ತೊಡಿಸಿದ ಪ್ಯಾಂಟಷ್ಟೇ.

ಅಗ್ರಹಾರದಂಥ ಕಡೆಯ ಸುಣ್ಣದ ಗಾರೆ ಮನೆಗಳಿಗೆ ಈ ವಿದ್ಯೆ ನಡೆಯದು. ಅಲ್ಲಿನ ಗೋಡೆ ತೇವ ಹೀರಿ ಆರುತ್ತಾ ಬದುಕುತ್ತದೆ. ಸಿಮೆಂಟ್ ಬಳಿದರೆ ತೇವ ಒಳಗೇ ಉಳಿದು ಇಟ್ಟಿಗೆ ಪುಡಿಯಾಗುತ್ತದೆ. ಸುಣ್ಣ ಸುರ್ಕಿಯ (ಇಟ್ಟಿಗೆ ಪುಡಿಯ) ಗಾರೆಯೇ ಬೇಕು, ಬೆಲ್ಲ ಅಳಲೆಕಾಯಿ ನೀರು ಬೆರೆಸುವ ಕೈ ಇನ್ನೂ ಸಿಕ್ಕರೆ ಅದೃಷ್ಟ. ಮದ್ರಾಸ್ ತಾರಸಿಯಲ್ಲಿ (ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿದ ಚಾವಣಿ) ಮೊದಲು ಕೊಳೆಯುವುದು ಗೋಡೆಯೊಳಗೆ ಹೂತ ತೊಲೆಯ ತುದಿ. ಸ್ಕ್ರೂಡ್ರೈವರ್ ಸಲೀಸಾಗಿ ಇಳಿದರೆ ಜಾಕಿ ಕೊಟ್ಟು, ಎರಡೂ ಮಗ್ಗುಲಿಗೆ ಉಕ್ಕಿನ ಚಾನಲ್ ಇಟ್ಟು ಬೋಲ್ಟ್ ಬಿಗಿಯಬೇಕು, ಚಾನಲ್ಲಿನ ತುದಿ ಗಟ್ಟಿ ಗೋಡೆಯ ಮೇಲೆ ಕೂರಬೇಕು. ಸೋರಿತೆಂದು ಹಳೆಯದನ್ನು ಕೀಳದೆ ಮೇಲೆ ಎರಡಿಂಚು ಹೊಸ ಪದರ ಹಾಕಿದರೆ 10×12 ಅಡಿಯ ಕೋಣೆಗೆ ಒಂದು ಟನ್ನಿಗೂ ಹೆಚ್ಚು ಭಾರ ಬೀಳುತ್ತದೆ. ಗೋಡೆಯಲ್ಲಿ ಬೇರು ಬಿಟ್ಟ ಅರಳಿ ಸಸಿಯನ್ನು ಎಳೆಯದಾಗಲೇ ತೆಗೆಯಿರಿ. ಬಲಿತ ಬೇರನ್ನು ಜಗ್ಗಿದರೆ ಇಟ್ಟಿಗೆಯೂ ಜೊತೆಗೆ ಬರುತ್ತದೆ.

ಮೈಸೂರು ಪಾಲಿಕೆ, ಮಂಡ್ಯ ನಗರಸಭೆಗೆ ನಮ್ಮದೊಂದು ಕೋರಿಕೆ. ಹಳೇ ಪಾಯದ ಮೇಲೆ ಅಂತಸ್ತು ಏರಿಸಲು, ಅಂಗಡಿ ಮಾಡಲು ಒಂಬತ್ತಿಂಚಿನ ಗೋಡೆ ಒಡೆಯಲು ಸ್ಟ್ರಕ್ಚರಲ್ ಎಂಜಿನಿಯರ್ ಸ್ಥಳ ನೋಡಿ ಬರೆದ ವರದಿ ಇಲ್ಲದೆ ಅನುಮತಿ ಕೊಡಬೇಡಿ. ಎರಡೂ ಊರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸಿವಿಲ್ ವಿಭಾಗಗಳಿವೆ, ಮೇ ತಿಂಗಳೊಳಗೆ ವಾರ್ಡ್‌ವಾರು ತಪಾಸಣೆಗೆ ಅವರ ನೆರವು ಕೇಳಬಹುದು. ಮನೆಯವರಿಗೂ ಒಂದು ಮಾತು: ತೇಪೆ ಕೆಲಸವನ್ನು ಚದರಡಿ ಲೆಕ್ಕದಲ್ಲಿ ಕೊಟ್ಟರೆ ಬೇಗ ಮುಚ್ಚಿದವನಿಗೇ ಲಾಭ. ಉಜ್ಜಿದ ಕಂಬಿಯನ್ನು ಮುಚ್ಚುವ ಮುನ್ನ ಕರೆದು ತೋರಿಸಬೇಕು, ಫೋಟೊ ತೆಗೆಯಲು ಬಿಡಬೇಕು ಎಂದು ಮುಂಗಡ ಕೊಡುವಾಗಲೇ ಮೇಸ್ತ್ರಿಗೆ ಹೇಳಿಬಿಡಿ.

ಕಟ್ಟಡ ದುರಸ್ತಿಯಲ್ಲಿ ತೊಡಗಿರುವ ಸಿವಿಲ್ ಎಂಜಿನಿಯರ್‌ಗಳು,
ಮೈಸೂರು